ಒಲೆ ನೋಡಿ ಪಿಜ್ಜಾ ಆರಿಸಿ: ಮುಂಬೈ, ಪುಣೆ, ಗೋವಾದ ಸಣ್ಣ ಊರುಗಳಿಗೊಂದು ಹೋಲಿಕೆ

ಬಾಂದ್ರಾದಲ್ಲೋ ಪುಣೆಯ ಕೋರೆಗಾಂವ್ ಪಾರ್ಕಿನಲ್ಲೋ ಒಳ್ಳೆಯ ಪಿಜ್ಜಾ ಸಿಗುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಶನಿವಾರ ರಾತ್ರಿ ಲೋನಾವಳಾದ ಬಾಡಿಗೆ ಬಂಗಲೆಯಲ್ಲಿ, ಕರ್ಜತ್‌ನ ಫಾರ್ಮ್‌ಹೌಸಿನಲ್ಲಿ, ಅಲಿಬಾಗ್‌ನ ತೋಟದ ಮನೆಯಲ್ಲಿ. ಇಲ್ಲವೇ ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಟಾಗ, ಸಾತಾರ ಹತ್ತಿರ ಬರುವಷ್ಟರಲ್ಲಿ ಹಿಂದಿನ ಸೀಟಿನ ಮಕ್ಕಳು ಪಿಜ್ಜಾ ಬೇಕೆಂದು ಹಟ ಹಿಡಿದಾಗ. ಫೋನಿನಲ್ಲಿ ಹುಡುಕಿದರೆ ಹತ್ತು ಹೆಸರು ಬರುತ್ತವೆ, ಎಲ್ಲಕ್ಕೂ ನಾಲ್ಕು ಚಿಲ್ಲರೆ ಸ್ಟಾರ್. ಪ್ರವಾಸಿ ಊರುಗಳಲ್ಲಿ ಆ ಸ್ಟಾರುಗಳಲ್ಲಿ ಬಹುಪಾಲು ಕಣಿವೆಯ ನೋಟಕ್ಕೆ, ಕೂರುವ ಜಾಗಕ್ಕೆ, ದೀಪದ ಅಲಂಕಾರಕ್ಕೆ ಬಿದ್ದವು. ಪಿಜ್ಜಾ ಹೇಗಿರುತ್ತದೆ ಎಂದು ಅವು ಹೇಳುವುದಿಲ್ಲ.

ಅದನ್ನು ಹೇಳುವುದು ಮೂರು ಸಂಗತಿ. ಅಂಗಡಿಯಲ್ಲಿ ಯಾವ ಒಲೆ ಇದೆ, ಹಿಟ್ಟು ಯಾವಾಗ ಕಲೆಸಿದ್ದು, ಒಲೆಯಿಂದ ನಿಮ್ಮ ಬಾಯಿಗೆ ಎಷ್ಟು ನಿಮಿಷದ ದಾರಿ. ಮೂರರಲ್ಲಿ ಒಲೆಯೇ ಮೊದಲು. ಹದವಾಗಿ ಹುಳಿ ಬಂದ ದೋಸೆಹಿಟ್ಟೂ ಕಾಯದ ಕಾವಲಿಯ ಮೇಲೆ ಹಾಳಾಗುತ್ತದೆ ಎಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಪಿಜ್ಜಾದ್ದೂ ಅದೇ ಲೆಕ್ಕ.

ಸಣ್ಣ ಊರುಗಳಲ್ಲಿ ಸಿಗುವ ಪಿಜ್ಜಾ ನಾಲ್ಕು ಬಗೆ: ಕಟ್ಟಿಗೆ ಒಲೆಯದು, ಕಲ್ಲಿನ ತಳವಿರುವ ಗ್ಯಾಸ್ ಅಥವಾ ಕರೆಂಟಿನ ಓವನ್ನಿನದು, ದೊಡ್ಡ ಚೈನುಗಳದು, ಬೇಕರಿಯ ರೆಡಿ ಬೇಸ್ ಮೇಲೆ ಹೋಟೆಲಿನಲ್ಲಿ ಮಾಡಿಕೊಡುವುದು. ನಾಲ್ಕೂ ಒಳ್ಳೆಯದಾಗಬಹುದು, ನಾಲ್ಕೂ ಕೆಡಬಹುದು. ಆದರೆ ಕೆಡುವ ಕಾರಣ ಒಂದೊಂದಕ್ಕೂ ಬೇರೆ.

ಕಟ್ಟಿಗೆ ಒಲೆ

ಬೋರ್ಡಿನಲ್ಲಿ ‘ವುಡ್ ಫೈರ್ಡ್’ ಎಂದು ಕಂಡರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ತಿರುಗಲಿ, ಆದರೆ ಹೊತ್ತು ನೋಡಿಕೊಂಡು. ಇಟಲಿಯ ನೇಪಲ್ಸ್‌ ನಗರದ ಪದ್ಧತಿಯಲ್ಲಿ ಒಲೆಯ ಕಾವು 430ರಿಂದ 480 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಆಚೆ ಬರುತ್ತದೆ. ಆ ಕಲೆಯನ್ನು ಯುನೆಸ್ಕೊ 2017ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಘಟ್ಟದ ಊರುಗಳಲ್ಲಿ ಅಷ್ಟು ಕಾವು ಹಿಡಿಯುವವರು ಕಡಿಮೆ. 300–350 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಬೇಯಿಸುವವರೇ ಹೆಚ್ಚು. ಅದು ತಪ್ಪೇನಲ್ಲ. ಸ್ವಲ್ಪ ಎಣ್ಣೆ, ಸಕ್ಕರೆ ಬಿದ್ದ ಹಿಟ್ಟಿಗೆ ಆ ಕಾವೇ ಸರಿ. ಇನ್ನೂ ಏರಿಸಿದರೆ ಒಳಗೆ ಬೇಯುವ ಮೊದಲೇ ಸಕ್ಕರೆ ಸೀದು ಅಂಚು ಕಹಿಯಾಗುತ್ತದೆ.

ತೊಂದರೆ ಇರುವುದು ಒಲೆ ಕಾಯಿಸುವ ಹೊತ್ತಿನಲ್ಲಿ. ಇಟ್ಟಿಗೆಯ ಗುಮ್ಮಟ ಸರಿಯಾಗಿ ಕಾಯಲು ಒಂದೂವರೆಯಿಂದ ಎರಡು ಗಂಟೆ ಬೇಕು. ವಾರದ ದಿನ ಮಧ್ಯಾಹ್ನ ನಾಲ್ಕು ಗಿರಾಕಿಗಳಿಗಾಗಿ ಯಾರೂ ಅಷ್ಟು ಕಟ್ಟಿಗೆ ಸುಡುವುದಿಲ್ಲ. ಹಾಗಾಗಿ ಮಂಗಳವಾರ ಒಂದು ಗಂಟೆಗೆ ಹೋದರೆ ಅದೇ ಬೋರ್ಡಿನ ಕೆಳಗೆ ನಿಮಗೆ ಸಿಗುವುದು ಅರೆಕಾದ ಒಲೆಯ ಪಿಜ್ಜಾ, ಇಲ್ಲವೇ ಒಳಗಿನ ಸಣ್ಣ ಕರೆಂಟ್ ಓವನ್ನಿನ ಪಿಜ್ಜಾ. ಫೋನ್ ಮಾಡಿ ‘ಒಲೆ ಎಷ್ಟು ಹೊತ್ತಿಗೆ ಹೊತ್ತಿಸುತ್ತೀರಿ’ ಎಂದು ಕೇಳಿ. ಉತ್ತರ ತಟ್ಟನೆ ಬಂದರೆ ಅಲ್ಲಿ ಒಲೆ ದಿನಾ ಉರಿಯುತ್ತದೆ ಎಂದು ತಿಳಿಯಬಹುದು. ಅವರು ಹೇಳಿದ ಹೊತ್ತಿಗೆ ಎರಡು ಗಂಟೆ ಸೇರಿಸಿ ಹೋಗಿ.

ಒಲೆ ಕಣ್ಣಿಗೆ ಕಾಣುವಂತಿದ್ದರೆ ಕೂರುವ ಮೊದಲು ಅದರ ಬಾಯಿಯೊಳಗೆ ಒಮ್ಮೆ ಇಣುಕಿ. ಬೆಂಕಿ ಹಾಕಿದ ಮೊದಲ ಅರ್ಧ ಗಂಟೆ ಗುಮ್ಮಟದ ಒಳಮೈ ಮಸಿ ಹಿಡಿದು ಕಡುಗಪ್ಪಾಗಿರುತ್ತದೆ. ಕಾವು ಏರಿದಂತೆ ಆ ಮಸಿಯೇ ಉರಿದು ಹೋಗಿ ಇಟ್ಟಿಗೆಯ ಸ್ವಂತ ಬಣ್ಣ ಮತ್ತೆ ಕಾಣುತ್ತದೆ, ಮೊದಲು ನೆತ್ತಿಯಲ್ಲಿ, ಆಮೇಲೆ ನಿಧಾನವಾಗಿ ಬದಿಗಳಲ್ಲಿ. ನೆತ್ತಿ ಬಿಳುಚಿ ಬದಿಗಳು ಇನ್ನೂ ಕಪ್ಪಾಗಿದ್ದರೆ ತಳದ ಕಲ್ಲು ಕಾದಿಲ್ಲ ಎಂದೇ ಅರ್ಥ. ಆಗ ಬರುವ ಪಿಜ್ಜಾದ ಮೇಲ್ಭಾಗ ಸೀದು, ಅಡಿ ಹಸಿಬಿಸಿ ಇರುತ್ತದೆ. ಬೆಂಕಿ ಒಂದು ಬದಿಗೆ ಸರಿದು, ಜ್ವಾಲೆ ಗುಮ್ಮಟವನ್ನು ನೆಕ್ಕುತ್ತಿದ್ದು, ತಳ ಬೂದಿಯಿಲ್ಲದೆ ಗುಡಿಸಿದಂತಿದ್ದರೆ ಕುರ್ಚಿ ಎಳೆದುಕೊಳ್ಳಿ. ಜ್ವಾಲೆಯಿಲ್ಲದೆ ಕೆಂಡ ಮಾತ್ರ ಇದ್ದರೆ ಮೇಲಿನಿಂದ ಬೇಯಿಸುವ ಕಾವು ಸಾಲದು: ಚೀಸ್ ಕರಗುತ್ತದೆ, ಅಂಚು ಮಾತ್ರ ಬಿಳುಚಿಕೊಂಡೇ ಇರುತ್ತದೆ.

ಕಾದ ಒಲೆಯೂ ಸೋಲುವ ಹೊತ್ತೊಂದಿದೆ, ಶನಿವಾರ ರಾತ್ರಿ ಎಂಟರಿಂದ ಒಂಬತ್ತೂವರೆ. ಒಂದು ಪಿಜ್ಜಾ ಇಟ್ಟ ಜಾಗದ ಕಲ್ಲು ತಣ್ಣಗಾಗುತ್ತದೆ, ಮತ್ತೆ ಕಾವೇರಲು ಅದಕ್ಕೆ ಪುರಸೊತ್ತು ಬೇಕು. ಮೇಲಿಂದ ಮೇಲೆ ಆರ್ಡರ್ ಬಂದಾಗ ಅದೇ ಜಾಗಕ್ಕೆ ಮುಂದಿನದನ್ನು ಇಡುತ್ತಾರೆ. ಇಂಥ ರಾತ್ರಿಯ ಆರನೆಯ ಪಿಜ್ಜಾಕ್ಕೂ ಮೊದಲನೆಯದಕ್ಕೂ ಹೋಲಿಕೆಯೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಅಂದಿಗೆಂದು ಉಬ್ಬಿಸಿಟ್ಟ ಉಂಡೆಗಳು ಮುಗಿದಿರುತ್ತವೆ. ಆಗ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಉಂಡೆಯನ್ನು ಹಾಗೇ ಎಳೆದು ಒಲೆಗೆ ತಳ್ಳುತ್ತಾರೆ, ಅಂಚು ಉಬ್ಬದೆ ಬಿಸ್ಕತ್ತಿನಂತಾಗುತ್ತದೆ. ಕೆಲವೆಡೆ ಸದ್ದಿಲ್ಲದೆ ರೆಡಿ ಬೇಸೂ ಹೊರಗೆ ಬರುತ್ತದೆ. ಶನಿವಾರ ತಿನ್ನುವುದಾದರೆ ಆರೂವರೆಯಿಂದ ಏಳೂಕಾಲರೊಳಗೆ ಆರ್ಡರ್ ಕೊಡಿ. ಶುಕ್ರವಾರ ಅಥವಾ ಭಾನುವಾರ ರಾತ್ರಿಯಾದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಕಟ್ಟಿಗೆ ಒಲೆಗೆ ನಮ್ಮ ಮತ ಇಲ್ಲ. ಲೋನಾವಳಾ, ಮಹಾಬಳೇಶ್ವರದ ಜುಲೈ ಮಳೆಯಲ್ಲಿ ಸೌದೆ ಒಣಗಿಸಿಡಲು ಮುಚ್ಚಿದ ಕೊಟ್ಟಿಗೆಯೇ ಬೇಕು. ಹಸಿ ಸೌದೆಯ ಕಾವೆಲ್ಲ ತನ್ನ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಕಾವಿನ ಬದಲು ಹೊಗೆ ಸಿಗುತ್ತದೆ. ಚೀಸಿನ ಮೇಲೆ ಮಸಿಯ ಸಣ್ಣ ಚುಕ್ಕಿ, ಬಾಯಲ್ಲಿ ಹೊಗೆಯ ಒಗರು ಕಂಡರೆ ಕಾರಣ ಇದೇ.

ಕಲ್ಲಿನ ತಳದ ಓವನ್

ಹೆಸರಿಲ್ಲದ, ಚೆಂದವಿಲ್ಲದ ಸ್ಟೀಲಿನ ಪೆಟ್ಟಿಗೆ ಇದು. ಸಣ್ಣ ಊರಿನಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಬೇಕಾದರೆ ನಾವು ಇದನ್ನೇ ಆರಿಸುತ್ತೇವೆ. 280ರಿಂದ 330 ಡಿಗ್ರಿಯಲ್ಲಿ ಐದರಿಂದ ಏಳು ನಿಮಿಷ. ಅಡಿಗೂ ನೆತ್ತಿಗೂ ಬೇರೆ ಬೇರೆ ಕಾವು ಇಡಬಹುದು, ಆದ್ದರಿಂದ ಕೆಲಸಗಾರ ಹೊಸಬನಾದರೂ ಪಿಜ್ಜಾ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗ್ಯಾಸಿನದೋ ಕರೆಂಟಿನದೋ ಎಂದು ಮಾತ್ರ ಕೇಳಿ. ಘಟ್ಟದಲ್ಲಿ, ಕೊಂಕಣದಲ್ಲಿ ಗಾಳಿ ಮಳೆಗೆ ಕರೆಂಟ್ ಹೋಗುವುದು ಹೊಸದಲ್ಲ. ಅಂಗಡಿಯ ಜನರೇಟರ್ ದೀಪ, ಫ್ಯಾನು, ಫ್ರಿಜ್ಜು ನಡೆಸೀತು, ಓವನ್ನಿನ ಭಾರ ಎತ್ತುವುದು ಅಪರೂಪ. ಕರೆಂಟ್ ಬಂದ ಹತ್ತೇ ನಿಮಿಷಕ್ಕೆ ಆರ್ಡರ್ ಕೊಟ್ಟರೆ ಕಲ್ಲು ಕಾದಿರುವುದಿಲ್ಲ. ಅರ್ಧ ಗಂಟೆಯಾದರೂ ತಡೆಯಿರಿ.

ಚೈನುಗಳು

ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1996ರಲ್ಲಿ ದೇಶಕ್ಕೆ ಬಂದ ಡಾಮಿನೋಸ್, ಪಿಜ್ಜಾ ಹಟ್ ಈಗ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಇಂಥ ಚೈನುಗಳಲ್ಲಿ ಹಿಟ್ಟನ್ನು ಅಂಗಡಿಯ ಹುಡುಗ ಅಂದಾಜಿನಲ್ಲಿ ಕಲೆಸುವುದಿಲ್ಲ. ಬೇಯಿಸುವುದು ಚಲಿಸುವ ಜಾಲರಿಯ ಓವನ್; ಒಂದು ಕಡೆ ಇಟ್ಟರೆ ಐದಾರು ನಿಮಿಷಕ್ಕೆ ಇನ್ನೊಂದು ಕಡೆ ತಾನೇ ಬರುತ್ತದೆ. ಪನ್ವೇಲ್‌ನಲ್ಲೂ ಕೊಲ್ಹಾಪುರದಲ್ಲೂ ರುಚಿ ಒಂದೇ. ಕತ್ತಲಾಗಿದೆ, ಮಕ್ಕಳಿಗೆ ಹಸಿವಾಗಿದೆ, ಇನ್ನೂ ನೂರು ಕಿಲೋಮೀಟರ್ ದಾರಿಯಿದೆ ಎಂದರೆ ಇದು ಸರಿಯಾದ ಆಯ್ಕೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ತೆಳುವಾದದ್ದೂ ಗರಿಗರಿಯಾದದ್ದೂ ಬೇಕಾದರೆ ಮೆನುವಿನಲ್ಲಿ ‘ಥಿನ್ ಕ್ರಸ್ಟ್’ ಕೇಳಿ, ಅಂಗಡಿಯಲ್ಲೇ ಕೂತು ತಿನ್ನಿ. ಎರಡು ಮೂರು ಕಿಲೋಮೀಟರ್ ಪೆಟ್ಟಿಗೆಯಲ್ಲಿ ಬಂದರೂ ತಾಳುವುದು ದಪ್ಪ ‘ಪ್ಯಾನ್’ ಬಗೆ.

ಶೆಟ್ರ ಹೋಟೆಲಿನ ಪಿಜ್ಜಾ

ಮುಂಬೈ, ಪುಣೆಯಿಂದ ಯಾವ ದಿಕ್ಕಿಗೆ ಹೊರಟರೂ ‘ಪ್ಯೂರ್ ವೆಜ್’ ಬೋರ್ಡಿನ ಕೆಳಗೆ ನಮ್ಮ ಕರಾವಳಿಯವರ ಹೋಟೆಲು ಸಿಗುತ್ತದೆ. ಮೆನುವಿನಲ್ಲಿ ಇಡ್ಲಿ ವಡೆ, ಪಾವ್‌ಭಾಜಿ, ಪನೀರ್ ಬಟರ್ ಮಸಾಲಾ, ಶೆಜ್ವಾನ್ ಫ್ರೈಡ್ ರೈಸ್, ಅದರ ಪಕ್ಕದಲ್ಲೇ ಪಿಜ್ಜಾ. ಇದನ್ನು ಇಟಲಿಯ ಪಿಜ್ಜಾದ ಪಕ್ಕ ಇಟ್ಟು ತೂಗಬಾರದು. ಇದರ ವಂಶವೇ ಬೇರೆ. ಮುಂಬೈಯ ಬೇಕರಿಗಳು ಪಾವಿನ ಜೊತೆಯಲ್ಲೇ ಮಾಡುವ ರೆಡಿ ಬೇಸ್, ಸಿಹಿ ಹುಳಿ ಸಾಸು, ಸಣ್ಣಗೆ ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಮೇಲೆ ತುರಿದ ಅಮುಲ್ ಚೀಸ್. ಮೂವತ್ತು ನಲವತ್ತು ದಾಟಿದ ಮುಂಬೈ ಕನ್ನಡಿಗರಲ್ಲಿ ಬಹಳ ಮಂದಿ ತಿಂದ ಮೊದಲ ಪಿಜ್ಜಾ ಇದೇ. ಸರಿಯಾಗಿ ಮಾಡಿದರೆ ಅದರ ರುಚಿ ಅದಕ್ಕೇ ಸಾಟಿ.

ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ? ಬೇಸ್ ಮೊದಲೇ ಮುಕ್ಕಾಲು ಬೆಂದದ್ದು. ಅದರ ಮೇಲೆ ನೇರ ಸಾಸು ಬಳಿದು, ಹಸಿ ತರಕಾರಿ ಹಾಕಿ, ಸಣ್ಣ ಓವನ್ನಿನಲ್ಲೋ ಮೈಕ್ರೋವೇವಿನಲ್ಲೋ ಇಟ್ಟರೆ ತರಕಾರಿ ನೀರು ಬಿಡುತ್ತದೆ, ಬೇಸ್ ಆ ನೀರನ್ನೆಲ್ಲ ಕುಡಿದು ಒದ್ದೆ ಪಾವಿನಂತಾಗುತ್ತದೆ. ಮೈಕ್ರೋವೇವ್ ಆದರೆ ತಣ್ಣಗಾದ ಕ್ಷಣ ಚಕ್ಕಳ. ಈ ಹೋಟೆಲುಗಳ ದೊಡ್ಡ ಆಸ್ತಿ ಓವನ್ ಅಲ್ಲ, ಬೆಳಗಿನಿಂದ ಕಾಯುತ್ತಲೇ ಇರುವ ದೋಸೆ ಕಾವಲಿ. ಅದನ್ನು ಬಳಸಿಕೊಳ್ಳಿ. ಗಲ್ಲಾದಲ್ಲಿ ಕೂತವರಿಗೆ ಹೇಳಿ: ‘ಶೆಟ್ರೇ, ಬೇಸಿಗೆ ಸ್ವಲ್ಪ ಬೆಣ್ಣೆ ಸವರಿ ಕಾವಲಿ ಮೇಲೆ ಎರಡೂ ಕಡೆ ಕಾಯಿಸ್ಲಿಕ್ಕೆ ಹೇಳಿ, ಆಮೇಲೆ ಸಾಸು ಹಾಕಲಿ. ಈರುಳ್ಳಿ ಕ್ಯಾಪ್ಸಿಕಂ ಒಮ್ಮೆ ಬಾಡಿಸಿ ಹಾಕಿದ್ರೆ ಒಳ್ಳೇದಿತ್ತು.’ ಅಡುಗೆಮನೆಗೆ ಇದರಿಂದ ಎರಡು ನಿಮಿಷ ಹೆಚ್ಚಾದೀತು ಅಷ್ಟೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಕೇಳಿದರೆ ಬೇಡ ಎನ್ನುವವರು ವಿರಳ.

ಇಲ್ಲಿ ಮೊಜರೆಲಾ ಬೇಕೆಂದು ಹಟ ಮಾಡಬೇಡಿ. ಇಲ್ಲಿ ತುರಿದು ಹಾಕುವ ಅಮುಲ್ ಚೀಸ್ ಪ್ರೊಸೆಸ್ಡ್ ಬಗೆಯದು. ಕೊಬ್ಬನ್ನೂ ನೀರನ್ನೂ ಬೆರೆಸಿ ಹಿಡಿದಿಡಲು ಅದಕ್ಕೆ ಹಾಕುವ ಲವಣಗಳಿಂದಾಗಿ ಅದು ಎಳೆ ಎಳೆಯಾಗಿ ಬರುವುದಿಲ್ಲ, ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ, ಉಪ್ಪೂ ಮುಂದು. ಬೇಸ್ ಒಲೆಯಿಂದ ಇಳಿದ ಕೂಡಲೇ ತುರಿದು ಹಾಕಿ ಅರೆಕರಗಿದಂತೆ ತಿಂದರೆ ಅದರ ಹದವೇ ಅದು. ಈ ಹೋಟೆಲುಗಳ ಇನ್ನೊಂದು ಅನುಕೂಲ ಜೈನ ಪಿಜ್ಜಾ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ‘ಜೈನ್’ ಎಂದರೆ ಸಾಲದು, ಸಾಸು ಬಾಟಲಿಯದೋ ತಾವೇ ಮಾಡಿದ್ದೋ ಎಂದೂ ಕೇಳಬೇಕು. ಮೇಲೆ ಈರುಳ್ಳಿ ಹಾಕದಿದ್ದರೂ ಬಾಟಲಿಯ ಪಿಜ್ಜಾ ಸಾಸಿನಲ್ಲಿ ಬೆಳ್ಳುಳ್ಳಿ ಇರುವುದೇ ಹೆಚ್ಚು.

ತಟ್ಟೆಗೆ ಬಂದ ಮೇಲೆ

ಒಂದು ತುಂಡು ಎತ್ತಿ ಅಡಿ ನೋಡಿ. ಕಂದು ಚುಕ್ಕೆಗಳು ಅಲ್ಲಲ್ಲಿ ಹರಡಿದ್ದರೆ ಕಲ್ಲು ಚೆನ್ನಾಗಿ ಕಾದಿತ್ತು. ಪೂರ್ತಿ ಬಿಳಿ ಇದ್ದರೆ ಮರಳಿಸಿ ಇನ್ನೆರಡು ನಿಮಿಷ ಇಡಲು ಹೇಳಿ, ಇದನ್ನು ಕೇಳಲು ಸಂಕೋಚ ಬೇಡ. ಸಾಲು ಸಾಲು ತೂತಿನ ಗುರುತು, ಎಲ್ಲ ಕಡೆ ಒಂದೇ ದಪ್ಪ, ಅಚ್ಚಿನಲ್ಲಿ ಕೊರೆದಂಥ ದುಂಡು ಕಂಡರೆ ಅದು ಬೇಕರಿಯ ಬೇಸ್, ಮೆನು ಏನೇ ಹೇಳಲಿ. ತುಂಡನ್ನು ಅಡ್ಡವಾಗಿ ಮುರಿದಾಗ ಸಾಸಿನ ಕೆಳಗೆ ಅಂಟಂಟಾದ ಬೂದು ಪದರ ಕಂಡರೆ ಅಲ್ಲಿ ಹಿಟ್ಟು ಬೆಂದಿಲ್ಲ. ಕಾರಣ ಕಡಿಮೆ ಕಾವು, ಇಲ್ಲವೇ ಹೆಚ್ಚು ಸಾಸು. 10 ಇಂಚಿನ ಪಿಜ್ಜಾಕ್ಕೆ 60ರಿಂದ 80 ಗ್ರಾಂ ಸಾಸು ಸಾಕು.

ಹಿಟ್ಟಿನ ವಿಷಯ ಮೂಗಿಗೆ ಬಿಡಿ. ದೋಸೆಹಿಟ್ಟಿನ ಹುಳಿಯನ್ನು ಪಾತ್ರೆಯ ಮುಚ್ಚಳ ತೆಗೆದೊಡನೆ ಹೇಳುವ ಮೂಗು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಅಂಚನ್ನು ಮುರಿದು ಮೂಸಿದಾಗ ಬಿಯರಿನಂಥ, ಹಸಿ ಯೀಸ್ಟಿನ ವಾಸನೆ ಬಂದರೆ ಅದು ಎರಡು ಗಂಟೆಯಲ್ಲಿ ಅವಸರದಿಂದ ಉಬ್ಬಿಸಿದ ಹಿಟ್ಟು. ಒಂದು ಕಿಲೋ ಮೈದಾಕ್ಕೆ 8–10 ಗ್ರಾಂ ಒಣ ಯೀಸ್ಟ್ ಸುರಿದರೆ ಹಾಗಾಗುತ್ತದೆ. ಫ್ರಿಜ್ಜಿನಲ್ಲಿ ಒಂದು ಇಡೀ ದಿನ ಇಡುವುದಾದರೆ 2–3 ಗ್ರಾಂ ಸಾಕು. ಆಗ ಬರುವ ಪರಿಮಳ ಹುರಿದ ಗೋಧಿಯದು, ಚೂರು ಹುಳಿ. ಅಂಚಿನೊಳಗೆ ಸಣ್ಣವೂ ದೊಡ್ಡವೂ ಬೆರೆತ ಗುಳ್ಳೆಗಳಿರುತ್ತವೆ, ತಿಂದ ಮೇಲೆ ಹೊಟ್ಟೆ ಭಾರವೂ ಆಗುವುದಿಲ್ಲ. ಹವೆಯೂ ಇದರಲ್ಲಿ ಕೈ ಹಾಕುತ್ತದೆ. ಮೇ ತಿಂಗಳ ಅಲಿಬಾಗ್‌ನಲ್ಲಿ ಹೊರಗಿಟ್ಟ ಹಿಟ್ಟು ನೋಡನೋಡುತ್ತ ಉಕ್ಕಿ, ಆಮೇಲೆ ಕುಸಿಯುತ್ತದೆ. ಅಂಥ ಹಿಟ್ಟಿನ ಪಿಜ್ಜಾ ಚಪ್ಪಟೆ, ಹುಳಿ ಹೆಚ್ಚು, ಎಷ್ಟು ಬೇಯಿಸಿದರೂ ಬಣ್ಣ ಬಾರದು. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ಡಿಸೆಂಬರ್, ಜನವರಿಯಲ್ಲಿ ತದ್ವಿರುದ್ಧ: ಮಧ್ಯಾಹ್ನ ಕಲೆಸಿದ್ದು ರಾತ್ರಿಗೂ ಪೂರ್ತಿ ಉಬ್ಬಿರುವುದಿಲ್ಲ.

‘ಗೋಧಿ ಬೇಸ್’ ಎಂದು ಬರೆದಿದ್ದರೆ ಎಷ್ಟು ಪಾಲು ಗೋಧಿ ಎಂದು ಕೇಳಿ. ನೂರಕ್ಕೆ ನೂರು ಚಕ್ಕಿ ಹಿಟ್ಟಿನದು ದಪ್ಪ ರೊಟ್ಟಿಯಂತಾಗುತ್ತದೆ, ಏಕೆಂದರೆ ತವುಡಿನ ಚೂರುಗಳು ಹಿಟ್ಟಿನ ಜಿಗುಟನ್ನು ಕತ್ತರಿಸುತ್ತವೆ. ಮೂವತ್ತು ನಲವತ್ತು ಪಾಲು ಗೋಧಿ, ಉಳಿದದ್ದು ಮೈದಾ ಇದ್ದರೆ ರುಚಿಯೂ ಇರುತ್ತದೆ, ಉಬ್ಬೂ ಇರುತ್ತದೆ.

ಖರ್ಚು ಉಳಿಸಲು ಅಂಗಡಿಯವರು ಮೊದಲು ಕೈ ಹಾಕುವುದು ಚೀಸಿಗೆ. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಹಾಕಿ ಮಾಡುವ ‘ಅನಲಾಗ್’ ನೋಡಲು ಚೀಸಿನಂತೆಯೇ ಇರುತ್ತದೆ. ಬಿಸಿಯಿದ್ದಾಗ ಗೊತ್ತಾಗುವುದು ಕಷ್ಟ. ಒಂದು ತುಂಡನ್ನು ತಟ್ಟೆಯ ಅಂಚಿಗಿಟ್ಟು ಹತ್ತು ನಿಮಿಷ ಬಿಡಿ. ನಿಜವಾದ ಮೊಜರೆಲಾ ಗಟ್ಟಿಯಾದರೂ ಜಗಿದಾಗ ಹಾಲಿನ ರುಚಿ ಕೊಡುತ್ತದೆ. ಅನಲಾಗ್ ಪ್ಲಾಸ್ಟಿಕ್ ಹಾಳೆಯಂತೆ ಒಂದೇ ತುಂಡಾಗಿ ಎದ್ದು ಬರುತ್ತದೆ, ಅಂಗುಳಿಗೆ ಜಿಡ್ಡು ಹಿಡಿಯುತ್ತದೆ. ‘ಎಕ್ಸ್‌ಟ್ರಾ ಚೀಸ್’ ಬಹಳ ಅಗ್ಗವಾಗಿ ಕೊಡುವ ಕಡೆ ಅನುಮಾನಪಡಿ. 10 ಇಂಚಿಗೆ 80ರಿಂದ 100 ಗ್ರಾಂ ಒಳ್ಳೆಯ ಚೀಸ್ ಬಿದ್ದರೆ ಇನ್ನೇನೂ ಬೇಕಿಲ್ಲ. ನೀರಿನಲ್ಲಿ ತೇಲಿಸಿಟ್ಟ ತಾಜಾ ಮೊಜರೆಲಾದ ಮಾರ್ಗರೀಟಾ ಕೇಳಬೇಕಾದರೆ ಚೆನ್ನಾಗಿ ಕಾದ ಕಟ್ಟಿಗೆ ಒಲೆ ಇರುವಲ್ಲಿ ಮಾತ್ರ ಕೇಳಿ. ಕಡಿಮೆ ಕಾವಿನಲ್ಲಿ ಅದು ನೀರು ಬಿಟ್ಟು ನಡುವೆ ಕೆರೆಯಾಗುತ್ತದೆ.

ಟೊಮೆಟೊ ಬಗ್ಗೆ ಒಂದು ಮಾತು. ಪುಣೆ ಜಿಲ್ಲೆಯ ನಾರಾಯಣಗಾಂವ್ ಟೊಮೆಟೊ ಪೇಟೆಗೆ ಹೆಸರುವಾಸಿ, ಸುತ್ತಲಿನ ಊರುಗಳಿಗೆ ತಾಜಾ ಹಣ್ಣಿನ ಬರವಿಲ್ಲ. ನಮ್ಮ ಹಣ್ಣಿನಲ್ಲಿ ನೀರೂ ಹುಳಿಯೂ ಹೆಚ್ಚು, ಬೇಯಿಸಿ ಅರ್ಧಕ್ಕಿಳಿಸಿದರೆ ಚೆನ್ನಾಗಿ ಹೊಂದುತ್ತದೆ. ತಾವೇ ಸಾಸು ಮಾಡುವ ಅಂಗಡಿ ಸಿಕ್ಕರೆ ಮೇಲೆ ಹತ್ತು ಬಗೆ ಹೇರಿಸದೆ ಸಾದಾ ಮಾರ್ಗರೀಟಾ ತೆಗೆದುಕೊಳ್ಳಿ. ಅಂಗಡಿಯ ಯೋಗ್ಯತೆ ತಿಳಿಯುವುದೂ ಅದರಲ್ಲೇ.

ಅಳತೆಯ ಲೆಕ್ಕ

ಪಿಜ್ಜಾದ ದರವನ್ನು ಇಂಚಿನಿಂದ ಅಳೆದರೆ ಮೋಸ ಹೋಗುತ್ತೇವೆ, ಹರವಿನಿಂದ ಅಳೆಯಬೇಕು. 8 ಇಂಚಿನದು ಸುಮಾರು 50 ಚದರ ಇಂಚು, 10 ಇಂಚಿನದು 78, 12 ಇಂಚಿನದು 113. ಅಂದರೆ 8 ಇಂಚಿನ ಎರಡು ಸೇರಿಸಿದರೂ 12 ಇಂಚಿನ ಒಂದಕ್ಕೆ ಸಮ ಬಾರದು. ಉದಾಹರಣೆಗೆ ಸಣ್ಣದು 250 ರೂಪಾಯಿ, ದೊಡ್ಡದು 480 ಇದ್ದರೆ ಚದರ ಇಂಚಿಗೆ 5 ರೂಪಾಯಿ ಮತ್ತು ನಾಲ್ಕೂಕಾಲು. ಆದರೆ ಸಣ್ಣ ಓವನ್ ಇರುವ ಹೋಟೆಲಿನಲ್ಲಿ ದೊಡ್ಡದನ್ನು ಕೇಳಬೇಡಿ, ಒಳಗೆ ಇಕ್ಕಟ್ಟಾಗಿ ಅಂಚು ಸೀದು ನಡುವೆ ಹಸಿ ಉಳಿಯುತ್ತದೆ. ಅಲ್ಲಿ 8 ಇಂಚಿನ ಎರಡೇ ಸರಿ.

ಯಾವ ದಾರಿಯಲ್ಲಿ ಯಾವುದು

ಲೋನಾವಳಾ, ಖಂಡಾಲಾದಲ್ಲಿ ನಾಲ್ಕೂ ಬಗೆ ಸಿಗುತ್ತವೆ, ಅಲ್ಲಿ ಹೊತ್ತಿನ ಆಯ್ಕೆಯೇ ಮುಖ್ಯ. ವಾರದ ದಿನ ಕಲ್ಲಿನ ಓವನ್, ಚಳಿಗಾಲದ ಶುಕ್ರವಾರ ರಾತ್ರಿ ಕಟ್ಟಿಗೆ ಒಲೆ. ಕರ್ಜತ್, ಕಾಮಶೇತ್ ಕಡೆಯ ಫಾರ್ಮ್‌ಹೌಸುಗಳು ಪೇಟೆಯಿಂದ ಎಂಟು ಹತ್ತು ಕಿಲೋಮೀಟರ್ ಒಳಗಿರುವುದೇ ಹೆಚ್ಚು. ಆ್ಯಪಿನಲ್ಲಿ ಅಂಗಡಿ ಕಂಡರೂ ಅಷ್ಟು ದೂರಕ್ಕೆ ತಂದುಕೊಡುವವರು ಸಿಗುವುದು ಕಷ್ಟ. ಅಲ್ಲಿ ಉಳಿಯುವವರು ಈ ಬರಹದ ಕೊನೆಯ ಭಾಗ ನೋಡಿ.

ಪಂಚಗಣಿಯಿಂದ ಮಹಾಬಳೇಶ್ವರದ ದಾರಿಯಲ್ಲಿ ಗುರೇಘರ್‌ನ ಮ್ಯಾಪ್ರೋ ಗಾರ್ಡನ್ ಸ್ಟ್ರಾಬೆರಿ ಕ್ರೀಮಿನಷ್ಟೇ ಕಟ್ಟಿಗೆ ಒಲೆಯ ಪಿಜ್ಜಾಕ್ಕೂ ಹೆಸರಾಗಿದೆ. ಸ್ಟ್ರಾಬೆರಿಯ ಕಾಲದಲ್ಲಿ, ಅದರಲ್ಲೂ ಶನಿವಾರ ಭಾನುವಾರ, ಜನಜಂಗುಳಿ ಜೋರು. ಬೆಳಿಗ್ಗೆ ಹನ್ನೊಂದೂವರೆಯ ಆಸುಪಾಸು ತಲುಪುವಂತೆ ಹೊರಡಿ.

ಪುಣೆಯಿಂದ ಬೆಳಗಾವಿಯ ಹೆದ್ದಾರಿಯಲ್ಲಿ ಸಾತಾರ, ಕೊಲ್ಹಾಪುರದಲ್ಲಿ ಚೈನುಗಳಿವೆ. ನಡುವಿನ ಹೆದ್ದಾರಿ ಹೋಟೆಲುಗಳಲ್ಲಿ ರೆಡಿ ಬೇಸಿನದೇ ರಾಜ್ಯ, ಕಾವಲಿಯ ಉಪಾಯ ನೆನಪಿರಲಿ. ಮುಂಬೈಯಿಂದ ಉಡುಪಿ, ಮಂಗಳೂರಿಗೆ ಹೋಗುವ ಹೆದ್ದಾರಿ 66ರಲ್ಲಿ ಮಹಾಡ್ ದಾಟಿದ ಮೇಲೆ ಸಾವಂತವಾಡಿವರೆಗೆ ಪಿಜ್ಜಾ ಹುಡುಕುವುದನ್ನು ಬಿಟ್ಟುಬಿಡಿ. ಆ ನೆಲದ ಘಾವನ್, ಮೀನೂಟ, ಸೋಲ್‌ಕಢಿ ಅಷ್ಟು ಚೆನ್ನಾಗಿರುವಾಗ ಒಣಗಿದ ಬೇಸಿಗೆ ಹೊಟ್ಟೆಯಲ್ಲಿ ಜಾಗ ಕೊಡುವುದು ನಷ್ಟ.

ಗೋವಾದ್ದು ಬೇರೆಯೇ ಕತೆ. ಉತ್ತರದ ಅಸಗಾಂವ್, ಅಂಜುಣ, ಮಾಂದ್ರೆ, ಹರಮಲ್, ದಕ್ಷಿಣದ ಪಾಳೊಳೆಂ, ಆಗೋಂದ ಕಡೆ ವಿದೇಶಿಯರ ಬಾಯಿರುಚಿಗೆ ಹೊಂದಿಕೊಂಡು ಬೆಳೆದ ಕಟ್ಟಿಗೆ ಒಲೆಯ ಅಂಗಡಿಗಳಿವೆ, ಹಿಟ್ಟಿನ ಕೆಲಸ ಘಟ್ಟದ ಊರುಗಳಿಗಿಂತ ಒಂದು ಕೈ ಮೇಲು. ನವೆಂಬರಿನಿಂದ ಮಾರ್ಚ್‌ವರೆಗೆ ಅವುಗಳ ಹೊತ್ತು. ಮಳೆಗಾಲದಲ್ಲಿ ಕಡಲತೀರದ ಶ್ಯಾಕುಗಳು ಕಿತ್ತಿರುತ್ತವೆ, ಹಲವು ಕೆಫೆಗಳೂ ಬಾಗಿಲು ಹಾಕಿರುತ್ತವೆ. ಹೊರಡುವ ಮೊದಲು ಫೋನ್ ಮಾಡುವುದು ಕ್ಷೇಮ. ಮಾಂಸ ತಿನ್ನುವವರು ಗೋವಾದ ಶೊರೀಸ್ ಹಾಕಿದ ಪಿಜ್ಜಾ ಬಿಡಬಾರದು. ವಿನೆಗರ್, ಒಣಮೆಣಸಿನಲ್ಲಿ ನೆನೆದ ಈ ಹಂದಿಮಾಂಸದ ಸಾಸೇಜು ಕೊಬ್ಬು ಬಹಳ ಬಿಡುತ್ತದೆ. ಮೊದಲೇ ಬಾಣಲೆಯಲ್ಲಿ ಬೇಯಿಸಿ ಕೊಬ್ಬು ಬಸಿದು ಹಾಕುತ್ತಾರೆಯೇ ಎಂದು ಕೇಳಿಕೊಳ್ಳಿ. ಹಸಿಯಾಗಿ ಹಾಕಿದರೆ ಕೆಂಪೆಣ್ಣೆ ಚೀಸಿನ ಮೇಲೆ ತೇಲುತ್ತದೆ, ಮಾಂಸವೂ ಒಳಗೆ ಸರಿಯಾಗಿ ಬೆಂದಿರುವುದಿಲ್ಲ.

ತರಿಸುವುದಾದರೆ, ಅಲ್ಲೇ ಮಾಡುವುದಾದರೆ

ರಟ್ಟಿನ ಪೆಟ್ಟಿಗೆಯಲ್ಲಿ ಪಿಜ್ಜಾ ತನ್ನ ಆವಿಯಲ್ಲಿ ತಾನೇ ಒದ್ದೆಯಾಗುತ್ತದೆ. ಹದಿನೈದು ನಿಮಿಷ ತಾಳೀತು, ಇಪ್ಪತ್ತೈದು ದಾಟಿದರೆ ಅಡಿ ಚರ್ಮದಂತಾಗುತ್ತದೆ. ನೀವೇ ಹೋಗಿ ತರುವುದಾದರೆ ಕತ್ತರಿಸದೆ ಕೊಡಲು ಹೇಳಿ. ಕೊಯ್ದ ಗೆರೆಗಳಿಂದಲೇ ಸಾಸು ಅಡಿಗೆ ಇಳಿಯುವುದು. ಕಾರಿನಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಡಿ. ಮನೆಗೆ ಬಂದ ಮೇಲೆ ಮೈಕ್ರೋವೇವ್ ಮುಟ್ಟಬೇಡಿ. ದಪ್ಪ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ತುಂಡುಗಳನ್ನು ಎರಡು ನಿಮಿಷ ಹಾಗೇ ಬಿಡಿ, ಆಮೇಲೆ ಪಿಜ್ಜಾಕ್ಕೆ ತಾಗದಂತೆ ಕಾವಲಿಯ ಮೂಲೆಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿ. ಇನ್ನೊಂದು ನಿಮಿಷಕ್ಕೆ ಅಡಿ ಗರಿಗರಿ, ಆವಿಗೆ ಚೀಸ್ ಮತ್ತೆ ಮೆತ್ತಗೆ.

ಫಾರ್ಮ್‌ಹೌಸಿನಲ್ಲಿ ಎರಡು ದಿನ ಇರುವವರು ಹಿಟ್ಟನ್ನು ಮನೆಯಿಂದಲೇ ಒಯ್ಯಬಹುದು. 500 ಗ್ರಾಂ ಮೈದಾ, 310 ಮಿಲಿ ನೀರು, 10 ಗ್ರಾಂ ಉಪ್ಪು, ಅರ್ಧ ಟೀ ಚಮಚ ಒಣ ಯೀಸ್ಟ್, ಎರಡು ಟೀ ಚಮಚ ಎಣ್ಣೆ. ಹತ್ತು ನಿಮಿಷ ನಾದಿ ನಾಲ್ಕು ಉಂಡೆ ಮಾಡಿ, ಎಣ್ಣೆ ಸವರಿದ ಸ್ಟೀಲ್ ಡಬ್ಬಿಗಳಲ್ಲಿ ಒಂದೊಂದನ್ನೇ ಹಾಕಿ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಡಿ. ಡಬ್ಬಿ ಉಂಡೆಯ ಎರಡೂವರೆ ಪಟ್ಟಾದರೂ ದೊಡ್ಡದಿರಲಿ, ಇಲ್ಲದಿದ್ದರೆ ಘಾಟಿ ಹತ್ತುವಷ್ಟರಲ್ಲಿ ಮುಚ್ಚಳ ಹಾರುತ್ತದೆ. ಪ್ರಯಾಣದಲ್ಲಿ ಐಸ್ ಇಟ್ಟ ಪೆಟ್ಟಿಗೆ. ಮಾಡುವ ಒಂದೂವರೆ ಗಂಟೆ ಮೊದಲು ಹೊರಗೆ ತೆಗೆಯಿರಿ, ಚಳಿಯಿದ್ದರೆ ಎರಡೂವರೆ.

ಓವನ್ ಬೇಕಿಲ್ಲ, ಬೀಡಿನ ಕಾವಲಿ ಸಾಕು. ಕಾವಲಿಯನ್ನು ಐದು ನಿಮಿಷ ಚೆನ್ನಾಗಿ ಕಾಯಿಸಿ. ಉಂಡೆಯನ್ನು ಲಟ್ಟಿಸದೆ ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ 9 ಇಂಚಿಗೆ ಹಿಗ್ಗಿಸಿ ಹಾಕಿ; ಲಟ್ಟಣಿಗೆ ಒಳಗಿನ ಗಾಳಿಯನ್ನೆಲ್ಲ ಹೊರದೂಡುತ್ತದೆ. ಮೇಲೆ ಗುಳ್ಳೆ ಎದ್ದು ಅಡಿಯಲ್ಲಿ ಕಂದು ಚುಕ್ಕೆ ಬಂದಾಗ ಮಗುಚಿ. ಈಗ ಮೇಲೆ ಬಂದ ಬೆಂದ ಬದಿಗೆ ಸಾಸು, ಬಾಡಿಸಿದ ತರಕಾರಿ, 70 ಗ್ರಾಂ ಚೀಸ್ ಹಾಕಿ, ಉರಿ ಸಣ್ಣ ಮಾಡಿ, ಎತ್ತರದ ಮುಚ್ಚಳ ಮುಚ್ಚಿ ನಾಲ್ಕು ನಿಮಿಷ ಬಿಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಆವಿಯ ಹನಿ ಚೀಸಿನ ಮೇಲೆ ಬೀಳುವುದಿಲ್ಲ.

ಗೋವಾದಲ್ಲಿ ಮನೆ ಬಾಡಿಗೆಗೆ ಹಿಡಿದವರಿಗೆ ಹಿಟ್ಟು ನಾದುವ ಕೆಲಸವೂ ಬೇಡ. ಬೆಳಿಗ್ಗೆಯೋ ಸಂಜೆಯೋ ಸೈಕಲ್ಲಿನ ಹಾರ್ನ್ ಒತ್ತುತ್ತ ಬ್ರೆಡ್ ಮಾರುವ ಪೊದೇರ್ ಬರುತ್ತಾನೆ. ತವುಡು ಮೆತ್ತಿದ ಪೊಯ್ ಎಂಬ ದುಂಡು ಬ್ರೆಡ್ ಕೊಳ್ಳಿ. ಹಳೆಯ ಪದ್ಧತಿಯ ಬೇಕರಿಯದಾದರೆ ಅದು ಕಟ್ಟಿಗೆ ಒಲೆಯಲ್ಲಿ ಬೆಂದದ್ದೇ. ಒಳಗೆ ಟೊಳ್ಳಾಗಿರುವುದರಿಂದ ಚಾಕುವಿನಿಂದ ಅಂಚನ್ನು ಸೀಳಿದರೆ ಎರಡು ತೆಳು ಬೇಸ್ ಸಿಗುತ್ತವೆ. ಒಳಮೈಯನ್ನು ಎಣ್ಣೆಯಿಲ್ಲದೆ ಬಿಸಿ ಕಾವಲಿಗೆ ಒಂದು ನಿಮಿಷ ತಾಗಿಸಿ ತಿರುಗಿಸಿ, ಒಂದೊಂದಕ್ಕೆ ಒಂದು ದೊಡ್ಡ ಚಮಚ ಸಾಸು, 30 ಗ್ರಾಂ ಚೀಸ್ ಹಾಕಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಅಂದಿನ ಪೊಯ್ ಅಂದೇ ಬಳಸಿ, ಮರುದಿನಕ್ಕೆ ಅದು ಚಕ್ಕಳವಾಗಿ ಸೀಳುವಾಗಲೇ ಹರಿಯುತ್ತದೆ.